ವೆಬ್‌ಗೂ ಮೊಬೈಲಿಗೂ ಒಂದೇ ಕೋಡ್: ಎಲ್ಲಿಯವರೆಗೆ ಹಂಚಿಕೊಂಡರೆ ಲಾಭ?

ಪ್ರಶ್ನೆ: ತೂಕದಕಲ್ಲು

ಅಡಿಕೆ ಬೆಳೆಗಾರರ ಸಹಕಾರ ಸಂಘಗಳಿಗಾಗಿ ನಮ್ಮ ಮೂವರ ತಂಡ ಒಂದು ವೆಬ್ ತಂತ್ರಾಂಶವನ್ನು ನಡೆಸುತ್ತಿದೆ. ಸದಸ್ಯರು ತಂದ ಮಾಲಿನ ತೂಕ, ರಾಶಿ, ಬೆಟ್ಟೆ, ಚಾಲಿ, ಗೊರಬಲು ಎಂಬ ದರ್ಜೆ, ಟೆಂಡರಿನಲ್ಲಿ ಬಿದ್ದ ದರ, ಹಮಾಲಿ ಮುಂತಾದ ಕಡಿತಗಳು, ಕೊನೆಗೆ ಸದಸ್ಯರ ಕೈಸೇರುವ ಮಾರಾಟ ಪಟ್ಟಿ, ಇಷ್ಟೂ ಅದರಲ್ಲೇ ಆಗುತ್ತದೆ. ಹಿಂಬದಿಯಲ್ಲಿ, ಅಂದರೆ ಸರ್ವರಿನಲ್ಲಿ, ಪೈಥಾನ್ ಭಾಷೆಯ ಜ್ಯಾಂಗೊ ಎಂಬ ವೆಬ್ ಚೌಕಟ್ಟು ಇದೆ. ಪುಟಗಳನ್ನೆಲ್ಲ ಸರ್ವರೇ ಸಿದ್ಧಪಡಿಸಿ ಕಳುಹಿಸುತ್ತದೆ, ಬೇರೆ ಆ್ಯಪುಗಳು ಸರ್ವರಿನಿಂದ ದತ್ತಾಂಶ ಕೇಳಿ ಪಡೆಯುವ ಪ್ರತ್ಯೇಕ ದಾರಿ, ಅಂದರೆ ಎಪಿಐ, ಎಂಬುದಿಲ್ಲ. ಕಚೇರಿಯ ಗುಮಾಸ್ತರು ಮೌಸನ್ನು ಮುಟ್ಟದೆ, ಟ್ಯಾಬ್ ಕೀಲಿ ಮತ್ತು ಅಂಕಿಗಳ ಕೀಲಿಯಲ್ಲೇ ನೂರಾರು ನಮೂದುಗಳನ್ನು ಹಾಕುವಷ್ಟು ಅದಕ್ಕೆ ಒಗ್ಗಿಹೋಗಿದ್ದಾರೆ.

ಈಗ ಎರಡು ಬೇಡಿಕೆಗಳು ಬಂದಿವೆ. ಸದಸ್ಯರಿಗೆ ತಮ್ಮ ಪಟ್ಟಿಯನ್ನೂ ದಿನದ ದರವನ್ನೂ ಫೋನಿನಲ್ಲಿ ನೋಡಬೇಕಾಗಿದೆ. ಹಳ್ಳಿಗಳಲ್ಲಿ ಮಾಲು ಪಡೆಯುವ ಸಿಬ್ಬಂದಿಗೆ, ನೆಟ್‌ವರ್ಕ್ ಸಿಗದ ಜಾಗದಲ್ಲೂ ತೂಕವನ್ನು ನಮೂದಿಸುವ ಆ್ಯಪ್ ಬೇಕಾಗಿದೆ. ಬಹುಪಾಲು ಫೋನುಗಳು ಆಂಡ್ರಾಯ್ಡ್, ಐಫೋನ್ ಇರುವವರು ಕೆಲವರಷ್ಟೆ. ತಂಡದಲ್ಲಿ ಒಬ್ಬರು ಎಲ್ಲವನ್ನೂ ಫ್ಲಟರ್ ಎಂಬ ಚೌಕಟ್ಟಿನಲ್ಲಿ ಮತ್ತೆ ಬರೆದು ವೆಬ್, ಆಂಡ್ರಾಯ್ಡ್, ಐಓಎಸ್ ಮೂರಕ್ಕೂ ಒಂದೇ ಕೋಡ್ ಇಟ್ಟುಕೊಳ್ಳೋಣ ಎನ್ನುತ್ತಾರೆ. ಇನ್ನೊಬ್ಬರು ವೆಬ್ಬಿಗೆ ರಿಯಾಕ್ಟ್, ಮೊಬೈಲಿಗೆ ರಿಯಾಕ್ಟ್ ನೇಟಿವ್ ಎಂಬ ಜಾವಾಸ್ಕ್ರಿಪ್ಟ್ ಜೋಡಿಯ ಪರವಾಗಿದ್ದಾರೆ. ಈಗಿನ ತಾಣವನ್ನೇ, ವೆಬ್ ಪುಟಗಳಿಗೆ ಆ್ಯಪಿನ ಹೊದಿಕೆ ಹಾಕುವ ಕೆಪಾಸಿಟರ್ ಎಂಬ ಸಲಕರಣೆಯಲ್ಲಿ ಸುತ್ತಿ ಸ್ಟೋರಿಗೆ ಹಾಕಿದರೆ ಸಾಲದೇ ಎಂಬುದು ನನ್ನ ಅನುಮಾನ. ಮೂವರೇ ಇರುವಾಗ ಮೂರು ಬೇರೆ ಬೇರೆ ಕೋಡುಗಳನ್ನು ಸಾಕುವುದಂತೂ ಆಗದ ಮಾತು. ಹಾಗಾದರೆ ಏನನ್ನು ಹಂಚಿಕೊಳ್ಳಬೇಕು, ಏನನ್ನು ಬೇರೆಯಾಗಿಯೇ ಬಿಡಬೇಕು?

ಉತ್ತರ 1: ಘಟ್ಟದ ಕೆಳಗಿನವ

ಚೌಕಟ್ಟನ್ನು ಆರಿಸುವ ಮೊದಲು, ಹಂಚಿಕೊಳ್ಳುವುದೆಂದರೆ ಯಾವ ಪದರವನ್ನು ಎಂಬುದನ್ನು ತೀರ್ಮಾನಿಸಿಕೊಳ್ಳಿ. ದತ್ತಾಂಶ ಮತ್ತು ಲೆಕ್ಕದ ನಿಯಮಗಳು ಒಂದು ಪದರ, ಸರ್ವರಿಗೂ ಗ್ರಾಹಕ ಆ್ಯಪಿಗೂ ನಡುವಿನ ಒಪ್ಪಂದ, ಅಂದರೆ ಎಪಿಐ, ಇನ್ನೊಂದು, ಪರದೆಗಳು ಮೂರನೆಯದು. ಮೊದಲನೆಯದನ್ನು ಹಂಚಿಕೊಳ್ಳಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಮೂರನೆಯದನ್ನು ಹಂಚಿಕೊಂಡರೆ ಸಿಗುವ ಉಳಿತಾಯ ಹೊರಗಿನಿಂದ ಕಾಣುವುದಕ್ಕಿಂತ ಬಹಳ ಕಡಿಮೆ, ಏಕೆಂದರೆ ನಿಮ್ಮ ಗುಮಾಸ್ತರ ಪರದೆಗೂ ಸದಸ್ಯರ ಪರದೆಗೂ ಹೆಸರಿನ ಹೊರತು ಸಾಮ್ಯವೇ ಇಲ್ಲ. ಅಗಲವಾದ ಕೋಷ್ಟಕ, ಕೀಲಿಮಣೆಯ ವೇಗ, ಮುದ್ರಣ ಒಬ್ಬರಿಗೆ ಬೇಕು. ಬಿಸಿಲಿನಲ್ಲಿ ಓದಬಲ್ಲ ನಾಲ್ಕು ಸಾಲು ಇನ್ನೊಬ್ಬರಿಗೆ ಸಾಕು.

ಲೆಕ್ಕದ ಪದರ ಏಕೆ ಒಂದೇ ಕಡೆ ಇರಬೇಕು ಎಂಬುದಕ್ಕೆ ನಿಮ್ಮ ವ್ಯವಹಾರದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. 2 ಕ್ವಿಂಟಲ್ 37.5 ಕಿಲೋ ರಾಶಿ ಅಡಿಕೆಗೆ ಕ್ವಿಂಟಲ್‌ಗೆ 48,399 ರೂಪಾಯಿ ದರ ಬಿದ್ದಿದೆ ಎಂದುಕೊಳ್ಳಿ. ಗುಣಿಸಿದರೆ 1,14,947.625 ರೂಪಾಯಿ ಬರುತ್ತದೆ. ಇದನ್ನು ಪೈಸೆಗೆ ಸರಿಹೊಂದಿಸಲು ಪೈಥಾನಿನ ರೌಂಡ್ ಕ್ರಿಯೆಗೆ ಕೊಟ್ಟರೆ, ನಡುಮಧ್ಯದಲ್ಲಿರುವ ಸಂಖ್ಯೆಯನ್ನು ಸಮ ಅಂಕಿಯತ್ತ ತಳ್ಳುವುದು ಅದರ ಪದ್ಧತಿಯಾದ್ದರಿಂದ, 62 ಪೈಸೆ ಎನ್ನುತ್ತದೆ. ಜಾವಾಸ್ಕ್ರಿಪ್ಟಿನ ಟುಫಿಕ್ಸ್‌ಡ್‌ಗೆ ಕೊಟ್ಟರೆ ನಡುಮಧ್ಯದ ಸಂಖ್ಯೆಯನ್ನು ಮೇಲಕ್ಕೆ ತಳ್ಳುವ ಅದು 63 ಪೈಸೆ ಎನ್ನುತ್ತದೆ. ದಶಮಾಂಶಕ್ಕೆಂದೇ ಇರುವ ಪೈಥಾನಿನ ಡೆಸಿಮಲ್ ಬಳಸಿದರೂ ಅದರ ಪೂರ್ವನಿಯೋಜಿತ ಪದ್ಧತಿ ಸಮ ಅಂಕಿಯದೇ ಆಗಿರುವುದರಿಂದ ವ್ಯತ್ಯಾಸ ಉಳಿಯುತ್ತದೆ. ಎರಡೂ ಭಾಷೆಗಳು ತಮ್ಮ ತಮ್ಮ ನಿಯಮದಂತೆ ಸರಿಯಾಗಿಯೇ ಇವೆ. ಆದರೆ ಫೋನಿನಲ್ಲಿ 63 ನೋಡಿ, ಕಚೇರಿಯ ಕಾಗದದಲ್ಲಿ 62 ನೋಡಿದ ಸದಸ್ಯನಿಗೆ ಅದನ್ನು ವಿವರಿಸುವವರು ಯಾರು? ಒಂದು ಪೈಸೆಯ ಜಗಳ ಒಂದು ಪೈಸೆಗೆ ನಿಲ್ಲುವುದಿಲ್ಲ ಎಂಬುದು ಸಂಘದ ಕಚೇರಿಯಲ್ಲಿ ಕುಳಿತವರಿಗೆಲ್ಲ ಗೊತ್ತು. ಆದ್ದರಿಂದ ಪಟ್ಟಿಯ ಲೆಕ್ಕವನ್ನು ಸರ್ವರ್ ಒಂದೇ ಮಾಡಲಿ. ಉಳಿದವರೆಲ್ಲ ಅದು ಕೊಟ್ಟ ಅಂಕಿಯನ್ನು ತೋರಿಸಲಿ.

ಫೋನಿನ ಬದಿಯ ಕೋಡನ್ನು ಒಂದೇ ಮಾಡಲು ಹೊರಟವರ ಅನುಭವ ಎರಡು ದಿಕ್ಕಿನಲ್ಲೂ ಇದೆ. ಏರ್‌ಬಿಎನ್‌ಬಿ 2016ರಲ್ಲಿ ರಿಯಾಕ್ಟ್ ನೇಟಿವ್ ಹಿಡಿದು 2018ರಲ್ಲಿ ಬಿಡುವುದಾಗಿ ಪ್ರಕಟಿಸಿತು. ಡ್ರಾಪ್‌ಬಾಕ್ಸ್ ಸಂಸ್ಥೆಯು ಆಂಡ್ರಾಯ್ಡ್ ಮತ್ತು ಐಓಎಸ್ ನಡುವೆ ಸಿ++ ಕೋಡನ್ನು ಹಂಚಿಕೊಳ್ಳುತ್ತಿದ್ದ ಪದ್ಧತಿಯನ್ನು ಕೈಬಿಟ್ಟು, ಅದಕ್ಕೆಂದೇ ಕಟ್ಟಿಕೊಳ್ಳಬೇಕಾದ ಸಲಕರಣೆಗಳ ಖರ್ಚು ಎರಡು ಬಾರಿ ಬರೆಯುವ ಖರ್ಚಿಗಿಂತ ಹೆಚ್ಚಾಯಿತು ಎಂದು 2019ರಲ್ಲಿ ವಿವರವಾಗಿ ಬರೆಯಿತು. ಇದಕ್ಕೆ ಪ್ರತಿಯಾಗಿ ಶಾಪಿಫೈ 2020ರಲ್ಲಿ ತನ್ನ ಮೊಬೈಲ್ ಭವಿಷ್ಯ ರಿಯಾಕ್ಟ್ ನೇಟಿವ್ ಎಂದೇ ಘೋಷಿಸಿತು. ನೂರಾರು ಎಂಜಿನಿಯರುಗಳ ಸಂಸ್ಥೆಗಳ ಈ ಕತೆಗಳಿಂದ ಮೂವರ ತಂಡ ನೇರವಾಗಿ ಪಾಠ ಕಲಿಯುವುದು ಕಷ್ಟ. ಒಂದನ್ನು ಮಾತ್ರ ಗಮನಿಸಿ: ಏರ್‌ಬಿಎನ್‌ಬಿ ಆಗಲಿ ಡ್ರಾಪ್‌ಬಾಕ್ಸ್ ಆಗಲಿ, ಬಿಟ್ಟದ್ದು ಗ್ರಾಹಕ ಬದಿಯ ಹಂಚಿಕೆಯನ್ನು, ಸರ್ವರನ್ನು ಪ್ರತಿ ಸಾಧನಕ್ಕೂ ಬೇರೆ ಮಾಡಲು ಯಾರೂ ಹೊರಡಲಿಲ್ಲ.

ಉತ್ತರ 2: ಇರುವಂತಿಗೆ

ಫ್ಲಟರಿನಲ್ಲೇ ದಿನವೂ ಕೆಲಸ ಮಾಡುವವಳಾಗಿ ಹೇಳುತ್ತೇನೆ: ನಿಮ್ಮ ಎರಡು ಮೊಬೈಲ್ ಆ್ಯಪುಗಳಿಗೆ ಅದು ಉತ್ತಮ ಆಯ್ಕೆ, ನಿಮ್ಮ ವೆಬ್‌ಗೆ ಅಲ್ಲ. ಫ್ಲಟರ್ 2018ರ ಡಿಸೆಂಬರಿನಲ್ಲಿ 1.0 ಆಗಿ ಬಂದದ್ದೇ ಮೊಬೈಲಿಗಾಗಿ. ವೆಬ್ ಬೆಂಬಲ ಸ್ಥಿರವೆನಿಸಿದ್ದು 2021ರ ಮಾರ್ಚಿನಲ್ಲಿ. ವೆಬ್‌ನಲ್ಲಿ ಅದು ಪುಟವನ್ನು ಎಚ್‌ಟಿಎಂಎಲ್ ದಾಖಲೆಯಾಗಿ ಕಟ್ಟುವ ಬದಲು ಕ್ಯಾನ್ವಾಸ್ ಎಂಬ ಖಾಲಿ ಚಿತ್ರಫಲಕದ ಮೇಲೆ ತಾನೇ ಚಿತ್ರಿಸುತ್ತದೆ; ಎಚ್‌ಟಿಎಂಎಲ್ ಬಳಸುತ್ತಿದ್ದ ಹಳೆಯ ವಿಧಾನವನ್ನು 2025ರಲ್ಲಿ ತೆಗೆದೇಹಾಕಿದ್ದಾರೆ. ಇದರ ಪರಿಣಾಮ ನಿಮ್ಮ ಗುಮಾಸ್ತರ ಮೇಲೆ ಕೂಡಲೇ ಬೀಳುತ್ತದೆ. ಬ್ರೌಸರಿನ ಕಂಟ್ರೋಲ್-ಎಫ್ ಒತ್ತಿ ಸದಸ್ಯನ ಹೆಸರನ್ನು ಹುಡುಕಲು ಹೋದರೆ ಪರದೆಯ ಮೇಲೆ ಕಣ್ಣಿಗೆ ಕಾಣುತ್ತಿರುವ ಹೆಸರೂ ಸಿಗುವುದಿಲ್ಲ, ಮತ್ತು ಬ್ರೌಸರಿನ ಮುದ್ರಣವನ್ನೇ ನಂಬಿದ ನಿಮ್ಮ ಪಟ್ಟಿಗಳಿಗೆ ಪಿಡಿಎಫ್ ತಯಾರಿಸುವ ಬೇರೆಯ ದಾರಿಯನ್ನು ಕಟ್ಟಬೇಕಾಗುತ್ತದೆ.

ಕನ್ನಡದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬ್ರೌಸರ್ ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿರುವ ಕನ್ನಡ ಫಾಂಟನ್ನು ತಾನೇ ಎತ್ತಿಕೊಳ್ಳುತ್ತದೆ. ಫ್ಲಟರ್ ವೆಬ್ ಹಾಗೆ ಮಾಡುವುದಿಲ್ಲ. ಆ್ಯಪಿನೊಳಗೆ ಕನ್ನಡ ಫಾಂಟ್ ಇಲ್ಲದಿದ್ದರೆ ಗೂಗಲ್ ಸರ್ವರಿನಿಂದ ನೋಟೊ ಫಾಂಟನ್ನು ಇಳಿಸಿಕೊಳ್ಳುತ್ತದೆ, ಅದು ಬರುವವರೆಗೆ ಅಕ್ಷರದ ಜಾಗದಲ್ಲಿ ಚೌಕಗಳು ಕಾಣುತ್ತವೆ. ನಿಧಾನಗತಿಯ ಸಂಪರ್ಕದಲ್ಲಿ ಇದು ನೋಡಲು ಸಾಧ್ಯವಾಗದ ದೃಶ್ಯ. ಫಾಂಟನ್ನು ಆ್ಯಪಿನೊಳಗೇ ಇಟ್ಟು ಇದನ್ನು ತಪ್ಪಿಸಬಹುದು, ಮೊಬೈಲಿನಲ್ಲೂ ಹಾಗೆ ಇಡುವುದು ಒಳ್ಳೆಯದೇ.

ರಿಯಾಕ್ಟ್ ನೇಟಿವ್ ಆರಿಸಿದರೂ ಮೊಬೈಲ್ ಮಟ್ಟಿಗೆ ಫಲಿತಾಂಶ ಹೆಚ್ಚು ಭಿನ್ನವಾಗದು. ಅದರ ನಿಜವಾದ ಲಾಭ ರಿಯಾಕ್ಟ್ ಬಲ್ಲವರು ಆಗಲೇ ತಂಡದಲ್ಲಿದ್ದಾಗ ಮತ್ತು ವೆಬ್ ಕೂಡ ರಿಯಾಕ್ಟಿನಲ್ಲಿದ್ದಾಗ. ನಿಮ್ಮ ವೆಬ್ ಜ್ಯಾಂಗೊ ಪುಟಗಳಲ್ಲಿ ಚೆನ್ನಾಗಿ ನಡೆಯುತ್ತಿರುವಾಗ, ಹಂಚಿಕೊಳ್ಳುವ ಆಸೆಗಾಗಿ ಅದನ್ನು ರಿಯಾಕ್ಟಿಗೆ ತಿರುಗಿಸುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ.

ಉತ್ತರ 3: ಕಿರುದಾರಿ

ಪ್ರಶ್ನಿಸಿದವರ ಕೆಪಾಸಿಟರ್ ಅನುಮಾನವನ್ನು ಯಾರೂ ಗಂಭೀರವಾಗಿ ಪರಿಗಣಿಸದೆ ಮುಂದೆ ಹೋದಂತಿದೆ. ಪಟ್ಟಿ ಮತ್ತು ದರ ನೋಡುವ ಸದಸ್ಯರಿಗೆ ಈಗಿನ ತಾಣವನ್ನೇ ಫೋನಿನ ಅಗಲಕ್ಕೆ ಹೊಂದಿಸಿ, ಮುಖಪರದೆಗೆ ಸೇರಿಸಿಕೊಳ್ಳುವಂತೆ ಮಾಡಿದರೆ ಬಹುಶಃ ಅಷ್ಟೇ ಸಾಕು. ಆಂಡ್ರಾಯ್ಡಿನಲ್ಲಿ ಟ್ರಸ್ಟೆಡ್ ವೆಬ್ ಆ್ಯಕ್ಟಿವಿಟಿ ಎಂಬ ಏರ್ಪಾಡಿನ ಮೂಲಕ ಅದನ್ನೇ ಪ್ಲೇ ಸ್ಟೋರಿನಲ್ಲೂ ಇಡಬಹುದು. ಖರ್ಚೆಂದರೆ ಒಂದು ಬಾರಿ ಕಟ್ಟುವ 25 ಡಾಲರ್ ನೋಂದಣಿ ಶುಲ್ಕ.

ಐಫೋನಿನಲ್ಲಿ ಮಾತು ಬೇರೆ. ಕೇವಲ ತಾಣವನ್ನು ಸುತ್ತಿ ಕಳುಹಿಸಿದ ಆ್ಯಪನ್ನು, ಕನಿಷ್ಠ ಉಪಯುಕ್ತತೆಯ ಬಗೆಗಿನ ತನ್ನ 4.2ನೇ ನಿಯಮವನ್ನು ತೋರಿಸಿ ಆ್ಯಪಲ್ ತಿರಸ್ಕರಿಸಬಹುದು. ಅದಕ್ಕೆ ವರ್ಷಕ್ಕೆ 99 ಡಾಲರ್ ಬೇರೆ. ವೆಬ್ ತಾಣದಿಂದ ಸೂಚನೆ ಕಳುಹಿಸುವ ಸೌಲಭ್ಯ ಐಓಎಸ್‌ಗೆ ಬಂದದ್ದು 2023ರ ಮಾರ್ಚಿನ 16.4ನೇ ಆವೃತ್ತಿಯಲ್ಲಿ, ಅದೂ ತಾಣವನ್ನು ಮುಖಪರದೆಗೆ ಸೇರಿಸಿಕೊಂಡಿದ್ದರೆ ಮಾತ್ರ. ನಿಮ್ಮಲ್ಲಿ ಐಫೋನಿನವರು ಕೆಲವರೇ ಆದ್ದರಿಂದ ಅವರಿಗೆ ವೆಬ್ ಸಾಕೆಂದು ಬಿಡಬಹುದು.

ಸಿಬ್ಬಂದಿಯ ಆಫ್‌ಲೈನ್ ನಮೂದಿಗೆ ಮಾತ್ರ ನಾನು ವೆಬ್ಬನ್ನು ನಂಬುವುದಿಲ್ಲ. ಬಳಕೆದಾರ ತಾಣವನ್ನು ಮುಟ್ಟದೆ ಐಫೋನಿನ ಬ್ರೌಸರಾದ ಸಫಾರಿಯನ್ನು ಬಳಸಿದ 7 ದಿನಗಳು ಕಳೆದರೆ, ಅಲ್ಲಿ ಸ್ಕ್ರಿಪ್ಟ್ ಉಳಿಸಿದ ದತ್ತಾಂಶವನ್ನು ಬ್ರೌಸರ್ ಅಳಿಸುವ ನಿಯಮ 2020ರಿಂದ ಇದೆ. ಇತರ ಬ್ರೌಸರುಗಳೂ ಜಾಗ ಸಾಲದಾದಾಗ ಅಳಿಸಬಲ್ಲವು. ಇನ್ನೂ ಸರ್ವರಿಗೆ ತಲುಪದ ತೂಕದ ದಾಖಲೆ ಅಂಥ ಕಡೆ ಇರಕೂಡದು.

ಉತ್ತರ 4: ಅಂಚೆಪೇದೆ

ಮೇಲಿನ ಮೂವರೂ ಪರದೆಯ ಸುತ್ತ ಸುತ್ತಿದ್ದಾರೆ. ಒಂದೇ ಹಿಂಬದಿಯ ನಿಜವಾದ ಕಷ್ಟ ಕಾಲದ್ದು. ವೆಬ್ಬನ್ನು ಬೆಳಿಗ್ಗೆ ಬದಲಿಸಿದರೆ ಮಧ್ಯಾಹ್ನದೊಳಗೆ ಎಲ್ಲರೂ ಹೊಸದನ್ನೇ ಬಳಸುತ್ತಿರುತ್ತಾರೆ. ಆ್ಯಪ್ ಹಾಗಲ್ಲ, ಒಂದು ಸಲ ಫೋನಿಗೆ ಇಳಿದದ್ದು, ಜಾಗವಿಲ್ಲವೆಂದೋ ಡೇಟಾ ಖರ್ಚಾಗುತ್ತದೆಂದೋ ನವೀಕರಣವಾಗದೆ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ, ಮತ್ತು ನಿಮ್ಮ ಸರ್ವರನ್ನು ಹಳೆಯ ಮಾತಿನಲ್ಲೇ ಕೇಳುತ್ತಿರುತ್ತದೆ. ಆದ್ದರಿಂದ ಎಪಿಐ ಬರೆಯುವ ಮೊದಲ ದಿನವೇ ಕೆಲವು ಕಟ್ಟುಪಾಡುಗಳನ್ನು ಹಾಕಿಕೊಳ್ಳಿ. ಪ್ರತಿ ಕೋರಿಕೆಯೊಡನೆ ಆ್ಯಪ್ ತನ್ನ ಆವೃತ್ತಿಯನ್ನು ಹೇಳಲಿ. ಸರ್ವರ್ ಒಮ್ಮೆ ಕೊಟ್ಟ ಅಂಶವನ್ನು ಹಿಂತೆಗೆದುಕೊಳ್ಳದೆ ಹೊಸದನ್ನು ಪಕ್ಕದಲ್ಲಿ ಸೇರಿಸಲಿ. ತನಗೆ ಗೊತ್ತಿಲ್ಲದ ಅಂಶ ಬಂದರೆ ಆ್ಯಪ್ ಬೀಳದೆ ಅದನ್ನು ಬದಿಗಿಡಲಿ. ನಾಳೆ ಹೊಸ ದರ್ಜೆಯೊಂದನ್ನು ಸೇರಿಸಿದಾಗ, ದರ್ಜೆಗಳ ಪಟ್ಟಿಯನ್ನು ಕೋಡಿನೊಳಗೆ ಬರೆದುಕೊಂಡ ಹಳೆಯ ಆ್ಯಪುಗಳು ಏನು ಮಾಡುತ್ತವೆ ಎಂದು ಈಗಲೇ ಯೋಚಿಸಿ. ತೀರಾ ಹಳೆಯದಾದ ಆವೃತ್ತಿಗೆ ನವೀಕರಿಸಿಕೊಳ್ಳಿ ಎಂದು ಹೇಳಿ ತಡೆಯುವ ಪರದೆ ಮೊದಲ ಬಿಡುಗಡೆಯಲ್ಲೇ ಇರಬೇಕು, ಏಕೆಂದರೆ ಅದಿಲ್ಲದೆ ಹೊರಟ ಆ್ಯಪಿಗೆ ಅದನ್ನು ಆಮೇಲೆ ಕಳುಹಿಸುವ ಉಪಾಯವಿಲ್ಲ.

ನೆಟ್‌ವರ್ಕ್ ಇಲ್ಲದ ಕಡೆಯ ನಮೂದಿನಲ್ಲಿ ಇನ್ನೊಂದು ಅಪಾಯವಿದೆ. ಸಿಬ್ಬಂದಿ ಕಳುಹಿಸಿದ ತೂಕ ಸರ್ವರಿಗೆ ತಲುಪಿ, ತಲುಪಿತೆಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದರೆ, ಆ್ಯಪ್ ಅದನ್ನೇ ಮತ್ತೆ ಕಳುಹಿಸುತ್ತದೆ. ಒಂದೇ ಮೂಟೆ ಎರಡು ಬಾರಿ ಜಮೆಯಾಗುತ್ತದೆ. ದಾಖಲೆಗೆ ಗುರುತಿನ ಸಂಖ್ಯೆಯನ್ನು ಸರ್ವರ್ ಕೊಡುವ ಬದಲು ಫೋನೇ ನಮೂದಿನ ಕ್ಷಣದಲ್ಲಿ ಯುಯುಐಡಿಯಾಗಿ, ಅಂದರೆ ಬೇರೆಲ್ಲೂ ಮತ್ತೆ ಬರದಷ್ಟು ಉದ್ದನೆಯ ಸಂಖ್ಯೆಯಾಗಿ, ಸೃಷ್ಟಿಸಲಿ, ಡೇಟಾಬೇಸಿನಲ್ಲಿ ಆ ಸಂಖ್ಯೆ ಅನನ್ಯವಾಗಿರಬೇಕೆಂಬ ನಿರ್ಬಂಧವಿರಲಿ. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಹೊಸದಾಗಿ ಬರೆಯದೆ ಹಳೆಯ ಉತ್ತರವನ್ನೇ ಕೊಡಲಿ.

ಕನ್ನಡದ ಹೆಸರುಗಳ ಪರಿಶೀಲನೆಯೂ ಸರ್ವರಿನಲ್ಲೇ ಇರಲಿ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಶ್ರೀ’ಯ ಉದ್ದ ಪೈಥಾನ್, ಜಾವಾಸ್ಕ್ರಿಪ್ಟ್ ಮತ್ತು ಫ್ಲಟರಿನ ಡಾರ್ಟ್ ಭಾಷೆಗಳಿಗೆ 4, ಪಠ್ಯವನ್ನು ಉಳಿಸಿಡುವ ಯುಟಿಎಫ್-8 ಸಂಕೇತದಲ್ಲಿ ಅದು 12 ಬೈಟ್, ಅಕ್ಷರಗುಚ್ಛವನ್ನು ಎಣಿಸುವ, ಐಫೋನ್ ಆ್ಯಪುಗಳ ಭಾಷೆಯಾದ ಸ್ವಿಫ್ಟಿಗೆ ನಾಲ್ಕಕ್ಕಿಂತ ಕಡಿಮೆ. ಹೆಸರಿನ ಮಿತಿಯನ್ನು ಪ್ರತಿ ಆ್ಯಪೂ ತಾನೇ ಎಣಿಸಿದರೆ ಒಂದು ಒಪ್ಪಿದ್ದನ್ನು ಇನ್ನೊಂದು ಒಪ್ಪದು. ಹುಡುಕಾಟದ ತೊಡಕು ಇದಕ್ಕಿಂತ ಹೆಚ್ಚಿನದು. ‘ಹುಸೇನ್‌ಸಾಬ್’ ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಬೇಕು. ಕಚೇರಿಯ ಕಂಪ್ಯೂಟರಿನಲ್ಲಿ ಅದನ್ನು ಸೇರಿಸಿ ಬರೆದ ಹೆಸರು, ಫೋನಿನ ಕೀಲಿಮಣೆಯಲ್ಲಿ ಅದಿಲ್ಲದೆ ಹುಡುಕಿದವರಿಗೆ ಸಿಗುವುದೇ ಇಲ್ಲ. ತೋರಿಸುವ ಹೆಸರಿನಿಂದ ಆ ಚಿಹ್ನೆಯನ್ನು ಕಿತ್ತುಹಾಕಬೇಡಿ, ಒತ್ತಕ್ಷರ ಮೂಡಿ ಹೆಸರು ಕೆಡುತ್ತದೆ. ಹುಡುಕಾಟಕ್ಕೆಂದೇ ಚಿಹ್ನೆಯಿಲ್ಲದ ಪ್ರತಿಯನ್ನು ಬೇರೆ ಕಾಲಮ್ಮಿನಲ್ಲಿ ಇಡಿ, ಹುಡುಕುವವರ ಪದದಿಂದಲೂ ಅದನ್ನು ತೆಗೆದು ಹೋಲಿಸಿ.

ತೂಕದಕಲ್ಲು (ಪ್ರಶ್ನಿಸಿದವರು)

ಎಲ್ಲರಿಗೂ ಧನ್ಯವಾದಗಳು. ವೆಬ್ಬನ್ನು ಮುಟ್ಟದೆ ಲೆಕ್ಕದ ಭಾಗವನ್ನು ಪುಟಗಳ ಕೋಡಿನಿಂದ ಬಿಡಿಸಿ, ಅದರ ಮೇಲೆ ಎಪಿಐ ಕಟ್ಟಿ, ಸಿಬ್ಬಂದಿಗೆ ಮಾತ್ರ ಫ್ಲಟರ್ ಆ್ಯಪ್ ಮಾಡುವುದೆಂದು ತಂಡದಲ್ಲಿ ಮಾತಾಗಿದೆ. ಸದಸ್ಯರಿಗೆ ಸದ್ಯ ಫೋನಿಗೆ ಹೊಂದುವ ವೆಬ್ ಪುಟಗಳೇ. ಒಂದು ಸಂದೇಹ ಉಳಿದಿದೆ: ಮಾಲು ಕೊಟ್ಟ ಸದಸ್ಯ ಅಲ್ಲೇ ನಿಂತು ಅಂದಾಜು ಮೊತ್ತ ಕೇಳುತ್ತಾನೆ. ನೆಟ್‌ವರ್ಕ್ ಇಲ್ಲದಾಗ ಫೋನೇ ಲೆಕ್ಕ ಮಾಡಬೇಕಲ್ಲವೇ? ನಡುವೆ ಸಂಘವು ಹಮಾಲಿ ದರವನ್ನು ಬದಲಿಸಿದ್ದರೆ?

ಘಟ್ಟದ ಕೆಳಗಿನವ

ಫೋನು ಅಂದಾಜನ್ನು ತೋರಿಸಲಿ, ಆದರೆ ಪೂರ್ಣ ರೂಪಾಯಿಗೆ ಇಳಿಸಿ, ಅಂದಾಜು ಎಂಬ ಮಾತಿನೊಡನೆ, ಯಾವ ದಿನದ ದರದ ಮೇಲೆ ಎಂಬುದನ್ನೂ ಬರೆದು ತೋರಿಸಲಿ; ಅದನ್ನು ಸರ್ವರಿಗೆ ಕಳುಹಿಸುವುದು ಮಾತ್ರ ಬೇಡ. ಸರ್ವರಿಗೆ ಹೋಗಬೇಕಾದದ್ದು ನಡೆದ ಸಂಗತಿಗಳು: ಸದಸ್ಯನ ಸಂಖ್ಯೆ, ಗ್ರಾಂಗಳ ಲೆಕ್ಕದಲ್ಲಿ ಪೂರ್ಣಾಂಕವಾಗಿ ತೂಕ, ದರ್ಜೆ, ತೂಗಿದ ದಿನಾಂಕ ಮತ್ತು ಸಮಯ. ಕಡಿತದ ದರಗಳನ್ನು ಡೇಟಾಬೇಸಿನಲ್ಲಿ ತಿದ್ದಿ ಬರೆಯದೆ, ಪ್ರತಿ ದರಕ್ಕೂ ಜಾರಿಗೆ ಬಂದ ದಿನಾಂಕವನ್ನು ಜೊತೆಗಿಟ್ಟು ಹೊಸ ಸಾಲಾಗಿ ಸೇರಿಸಿ. ಆಗ ಮಾರ್ಚ್ 31ರಂದು ತೂಗಿ ಏಪ್ರಿಲ್ 3ಕ್ಕೆ ಸರ್ವರಿಗೆ ತಲುಪಿದ ಮೂಟೆಗೆ ಹಳೆಯ ಹಮಾಲಿಯೇ ತಾನಾಗಿ ಹತ್ತುತ್ತದೆ. ತೂಗಿದ ದಿನದ ದರವೋ ಟೆಂಡರಿನ ದಿನದ ದರವೋ ಎಂಬುದನ್ನು ಮಾತ್ರ ಸಂಘದ ಕಾರ್ಯದರ್ಶಿಯವರಿಂದ ಬರಹದಲ್ಲಿ ಪಡೆದುಕೊಳ್ಳಿ. ಒಂದೊಂದು ಸಂಘದಲ್ಲಿ ಒಂದೊಂದು ಪದ್ಧತಿ ಇರಬಹುದು, ಅದನ್ನು ಕೋಡಿನಲ್ಲಿ ಬರೆಯದೆ ಸಂಘದ ಸೆಟ್ಟಿಂಗ್ ಆಗಿ ಇಡುವುದು ಕ್ಷೇಮ.