ಪಾಂಬೋಲ್ (ರಿಬ್ಬನ್ ಮೀನು) ಇರಬೇಕು, ಲೈನ್ ಕತ್ತರಿಸಿ ಹೋಗುತ್ತಿದೆ! ಏನು ಮಾಡಲಿ?

ಮಲ್ಪೆ_ಗಾಳ:
ಮೂರು ವಾರದಿಂದ ಇದೇ ಗೋಳು ಮಾರಾಯ್ರೆ. ಸಂಜೆ ಗೆಳೆಯನ ದೋಣಿಯಲ್ಲಿ ಮಲ್ಪೆಯಿಂದ ಹೊರಗೆ ಹೋಗಿ, ಹತ್ತು ಹನ್ನೆರಡು ಮಾರು ಆಳದಲ್ಲಿ ಲಂಗರು ಹಾಕಿ ಕೂರುತ್ತೇವೆ. ಬ್ರೇಡ್ ಲೈನ್ (ಹೆಣೆದ ದಾರ), ತುದಿಗೆ 40 ಪೌಂಡ್ ನೈಲಾನ್, ಒಂದೇ ಗಾಳ, ಎರೆಗೆ ಅರ್ಧ ಬೂತಾಯಿ ಮೀನು. ತಳಕ್ಕೆ ಬಿಟ್ಟು ಕಾದರೆ ಏನೂ ಇಲ್ಲ. ಮೇಲೆ ಸುತ್ತುವಾಗ ನಡುನೀರಲ್ಲಿ ಒಂದು ಸಣ್ಣ ತಟ್ಟು, ಅಷ್ಟೇ, ಗಾಳವೂ ಇಲ್ಲ ಸೀಸವೂ ಇಲ್ಲ. ನಿನ್ನೆ ಒಂದೇ ರಾತ್ರಿ ಏಳು ಗಾಳ ಹೋಯಿತು. ನೈಲಾನನ್ನು 80 ಪೌಂಡಿಗೆ ಏರಿಸಿದರೆ ಸರಿಹೋಗುತ್ತಾ?

ಉಳ್ಳಾಲದವ:
ಪಾಂಬೋಲೇ ಅಂತ ಹೇಗೆ ಗೊತ್ತು? ಪಫರ್ ಮೀನು ಕೂಡ ಲೈನ್ ಕಡಿಯುತ್ತದೆ. ಉಳಿದು ಬಂದ ಎರೆ ಹೇಗಿತ್ತು? ಕತ್ತರಿಸುವ ಮೊದಲು ಲೈನ್ ಬಿಗಿಯಾಯಿತಾ, ಸಡಿಲ ಆಯಿತಾ?

ಮಲ್ಪೆ_ಗಾಳ:
ಎರೆ ಬ್ಲೇಡಲ್ಲಿ ಓರೆಯಾಗಿ ಕೊಯ್ದ ಹಾಗಿತ್ತು, ಒಂದೇ ಏಟು. ಲೈನ್ ಸಡಿಲ ಆಯಿತು. ನಾನು ನೀರಿನ ಸೆಳೆತ ಅಂದುಕೊಂಡು ಸುಮ್ನೆ ಇದ್ದೆ.

ಉಳ್ಳಾಲದವ:
ಹಾಗಾದರೆ ಪಾಂಬೋಲೇ. ಪಫರ್ ಆಗಿದ್ದರೆ ಕೊರೆದು ಕೊರೆದು ತಿಂದಿರುತ್ತಿತ್ತು.

ಕೋಬೆ_ಕನ್ನಡಿಗ:
ಅಣ್ಣ, 80 ಪೌಂಡ್ ನೈಲಾನಿಗೆ ದುಡ್ಡು ಹಾಕಬೇಡಿ, ಅದನ್ನೂ ಕಡಿಯುತ್ತದೆ. ಕೆಲಸದ ಮೇಲೆ ಜಪಾನಿನ ಕೋಬೆಯಲ್ಲಿದ್ದಾಗ ಚಳಿಗಾಲಕ್ಕೆ ಮುಂಚೆ ಇದೇ ಮೀನಿನ ಹಿಂದೆ ಬಿದ್ದಿದ್ದೆ. ಅಲ್ಲಿ ಇದಕ್ಕೆ ತಾಚಿಉಒ ಅನ್ನುತ್ತಾರೆ. ಕತ್ತಿಯ ಹಾಗಿದೆ ಅಂತ ಆ ಹೆಸರು ಎಂದು ಕೆಲವರು, ನಿಂತುಕೊಂಡಿರುತ್ತದೆ ಅಂತ ಎಂದು ಇನ್ನು ಕೆಲವರು. ನಿಮ್ಮ ಸಮಸ್ಯೆಯ ಮೂಲ ಇರುವುದು ಆ ಎರಡನೇ ಅರ್ಥದಲ್ಲಿ.

ಇದಕ್ಕೆ ಬಾಲದ ರೆಕ್ಕೆಯೇ ಇಲ್ಲ, ಮೈ ತೆಳ್ಳಗಾಗುತ್ತಾ ಕೂದಲೆಳೆಯ ಹಾಗೆ ಮುಗಿಯುತ್ತದೆ. ಬಂಗುಡೆ ತರ ಬಾಲ ಬೀಸಿ ಓಡಿಸಿಕೊಂಡು ಹೋಗುವ ಜಾತಿ ಅಲ್ಲ. ತಲೆ ಮೇಲೆ, ಬಾಲ ಕೆಳಗೆ ಮಾಡಿ ನೆಟ್ಟಗೆ ನಿಂತು, ಬೆನ್ನುದ್ದಕ್ಕೂ ಇರುವ ರೆಕ್ಕೆಯನ್ನು ಅಲೆಯಾಡಿಸುತ್ತಾ ಮೇಲೆ ನೋಡುತ್ತಿರುತ್ತದೆ. ಎರೆ ಕಂಡರೆ ಕೆಳಗಿಂದ ಬಂದು ಕಚ್ಚಿ ಹಾಗೇ ಮೇಲಕ್ಕೆ ಹೋಗುತ್ತದೆ. ಆಗಲೇ ನಿಮ್ಮ ಲೈನ್ ಸಡಿಲ ಆಗಿದ್ದು. ನೀವು ಸುಮ್ಮನಿದ್ದಷ್ಟೂ ನೈಲಾನ್ ಆ ಹಲ್ಲುಗಳ ಸಂದಿಗೆ ಹೋಗುತ್ತದೆ. ಮುಂದಿನ ಕೋರೆಗಳಿಗೆ ಗಾಳದ ಹಾಗೆ ಕೊಕ್ಕೆ ಬೇರೆ ಇದೆ.

ಗಾಳದ ಮೇಲೆ ಒಂದು ಗೇಣು ತೆಳು ಸ್ಟೀಲ್ ತಂತಿ ಹಾಕಿ. ಸ್ವಿವೆಲ್ (ತಂತಿಯನ್ನು ಲೈನಿಗೆ ಸೇರಿಸುವ ತಿರುಗುವ ಕೊಂಡಿ) ಕಪ್ಪು ಬಣ್ಣದ್ದೇ ತೆಗೆದುಕೊಳ್ಳಿ, ಹೊಳೆದರೆ ಪಕ್ಕದ ಮೀನು ಅದನ್ನೇ ಕಚ್ಚಿ ಮೇಲಿನ ಬ್ರೇಡ್ ಕಡಿಯುತ್ತದೆ. ಎರೆಯನ್ನು ಮೊದಲು ನಡುವಿಗೋ ಬಾಲಕ್ಕೋ ಕಡಿಯುವ ಅಭ್ಯಾಸ ಇದಕ್ಕೆ, ಅದಕ್ಕೇ ಬಾಲದ ಹತ್ತಿರ ಎರಡನೇ ಗಾಳ ಬೇಕು. ಲೈನ್ ಸಡಿಲ ಆದ ಕೂಡಲೇ ಬಿರುಸಾಗಿ ಸುತ್ತಿ, ಭಾರ ಸಿಕ್ಕಿದ ಮೇಲೆ ಎಳೆಯಿರಿ.

ಇನ್ನೊಂದು, ತಳದಲ್ಲಿ ಯಾಕೆ ಕಾಯುತ್ತೀರಿ? ದೊಡ್ಡವು ಹಗಲು ಮೇಲೆ ಬಂದು ಬೇಟೆಯಾಡಿ ರಾತ್ರಿ ಕೆಳಗಿಳಿಯುತ್ತವೆ, ಮರಿಗಳದ್ದು ಮತ್ತು ಸಣ್ಣವುಗಳದ್ದು ತದ್ವಿರುದ್ಧ. ಕತ್ತಲಾದ ಮೇಲೆ ಸೀಗಡಿ, ಕೊಲ್ಲತರು ಮೀನುಗಳ ಹಿಂದೆ ಮೇಲಕ್ಕೆ ಬರುವುದು ಸಣ್ಣವು. ಪುಸ್ತಕದ ಲೆಕ್ಕಕ್ಕೆ ಇದು 2 ಮೀಟರ್ ದಾಟುತ್ತದೆ, ಆದರೆ ನಿಮಗೆ ಸಿಗುವುದು ಎರಡು ಮೂರು ಬೆರಳು ಅಗಲದ್ದು ಅಂತ ನನ್ನ ಊಹೆ. (ಕೋಬೆಯಲ್ಲಿ ಇದರ ಅಳತೆ ಬೆರಳ ಲೆಕ್ಕದಲ್ಲೇ, ಉದ್ದ ಯಾರೂ ಕೇಳುವುದಿಲ್ಲ.) ಮೇಲಿಂದ ಮೂರು ಮಾರಿಗೆ ಶುರು ಮಾಡಿ, ಒಂದೊಂದೇ ಮಾರು ಇಳಿಸಿ ನೋಡಿ.

ಮಲ್ಪೆ_ಗಾಳ:
ನಿನ್ನೆ ಹೋಗಿದ್ದೆ. ಐದು ಮಾರಲ್ಲಿ ಸಿಕ್ಕಿತು! ನಾಲ್ಕು ಪಾಂಬೋಲ್, ಹೋದದ್ದು ಒಂದೇ ಗಾಳ. ಎಲ್ಲ ಮೂರು ಬೆರಳಿನವೇ, ನಿಮ್ಮ ಊಹೆ ಸರಿ. ಆದರೆ ಒಂದಕ್ಕೆ ಹಿಂದಿನ ಅರ್ಧ ಮೈಯೇ ಇಲ್ಲ, ಹಸಿ ಗಾಯ. ಮತ್ತೆ ಕೈ, ಅಂಗಿ ಎಲ್ಲ ಬೆಳ್ಳಿ ಪೇಂಟ್ ಹಚ್ಚಿದ ಹಾಗೆ. ಮನೆಯಲ್ಲಿ ಕೆಮಿಕಲ್ ಅಂತ ಹೆದರುತ್ತಿದ್ದಾರೆ.

ಉಳ್ಳಾಲದವ:
ಅರ್ಧ ತಿಂದದ್ದು ಅದರದ್ದೇ ಬಳಗ. ಗಾಳಕ್ಕೆ ಸಿಕ್ಕಿ ಒದ್ದಾಡುವಾಗ ಪಕ್ಕದ್ದು ಬಂದು ಕಡಿಯುತ್ತದೆ. ಬೆಳ್ಳಿಗೆ ಹೆದರಬೇಡಿ. ಈ ಮೀನಿಗೆ ಹುರುಪೆ ಇಲ್ಲ, ಚರ್ಮದಲ್ಲಿರುವ ಗ್ವಾನಿನ್ ಎಂಬ ಹೊಳೆಯುವ ವಸ್ತುವಿನ ಹರಳುಗಳು ಅವು, ಮುಟ್ಟಿದರೆ ಉದುರುತ್ತವೆ. ಕಲ್ಲುಪ್ಪು ಹಾಕಿ ತಿಕ್ಕಿ ತೊಳೆಯಿರಿ. ಗಾಳ ಬಿಡಿಸುವುದಕ್ಕೆ ಮಾತ್ರ ಇಕ್ಕಳ ಇಟ್ಟುಕೊಳ್ಳಿ, ಸತ್ತ ಪಾಂಬೋಲ್ ಹಲ್ಲು ತಾಗಿ ನನ್ನ ಹೆಬ್ಬೆರಳಿಗೆ ಮೂರು ಹೊಲಿಗೆ ಬಿದ್ದಿದೆ.