ಅಪಾರ್ಟ್‌ಮೆಂಟಿನ ಚಿಕ್ಕ ರೂಮಿನಲ್ಲಿ 9 ಮೀನಿನ ಟ್ಯಾಂಕ್ ಇವೆ, 16 ಮಾಡಬಹುದಾ?

ಗಪ್ಪಿಮನೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ನಾಲ್ಕನೇ ಮಹಡಿಯ ಫ್ಲ್ಯಾಟ್‌ನಲ್ಲಿ. ಅದರ ಚಿಕ್ಕ ರೂಮು, 10 ಅಡಿಗೆ 9 ಅಡಿ, ಮೂರು ವರ್ಷದಿಂದ ಮೀನಿನ ರೂಮಾಗಿದೆ. ಶುರುವಾಗಿದ್ದು ಒಂದೇ ಟ್ಯಾಂಕಿನಿಂದ. ಈಗ 9 ಇವೆ. ಎರಡಡಿಯವು ಆರು (60×30×30 ಸೆಂ.ಮೀ.), ಒಂದಡಿಯವು ಎರಡು, ಮೂರಡಿಯದು ಒಂದು. ಗಪ್ಪಿ, ಚೆರ್ರಿ ಶ್ರಿಂಪ್, ಕೋರಿ (ತಳದಲ್ಲಿ ಓಡಾಡುವ ಪುಟ್ಟ ಮೀನು), ಒಂದು ಜೋಡಿ ಅಪಿಸ್ಟೊಗ್ರಾಮಾ ಮೀನು. ಎಲ್ಲದಕ್ಕೂ ಏರ್ ಪಂಪಿನಿಂದ ಓಡುವ ಸ್ಪಾಂಜ್ ಫಿಲ್ಟರ್.

ಇನ್ನೂ ಏಳು ಎರಡಡಿ ಟ್ಯಾಂಕ್ ಇಡುವ ಆಸೆ. ಮೂರು ಅಂತಸ್ತಿನ ಕಬ್ಬಿಣದ ರ‍್ಯಾಕ್ ಮಾಡಿಸಬೇಕು ಅಂತಿದ್ದೇನೆ. ಆದರೆ ನಾಲ್ಕು ವಿಷಯಕ್ಕೆ ನಿದ್ದೆ ಬರುತ್ತಿಲ್ಲ. ನೆಲ ಇಷ್ಟು ಭಾರ ತಡೆಯುತ್ತದಾ? ಬೆಳಗ್ಗೆ ಕಿಟಕಿ ಗಾಜು ಬೆವರಿರುತ್ತದೆ, ಬೀರು ಹಿಂದಿನ ಗೋಡೆಯಲ್ಲಿ ಕರಿ ಬೂಷ್ಟು ಕಾಣಿಸಿಕೊಂಡಿದೆ. ಐದು ಏರ್ ಪಂಪುಗಳ ಗುಂಯ್ ಸದ್ದು ಕೆಳಗಿನ ಮನೆಯವರಿಗೂ ಕೇಳಿಸುತ್ತದಂತೆ. ಇನ್ನು ನೀರು ಬದಲಿಸುವುದರಲ್ಲೇ ಭಾನುವಾರ ಮುಗಿದುಹೋಗುತ್ತದೆ. ಎಲ್ಲ ಟ್ಯಾಂಕನ್ನೂ ಪೈಪಿನಲ್ಲಿ ಸೇರಿಸಿ ಒಂದೇ ಸಂಪ್ (ಎಲ್ಲದರ ನೀರೂ ಬಂದು ಸೋಸಿ ವಾಪಸ್ ಹೋಗುವ ತೊಟ್ಟಿ) ಮಾಡಿದರೆ ಹೇಗೆ? ಹೆಂಡತಿ ಕೇಳುವುದು ಒಂದೇ ಪ್ರಶ್ನೆ: "ಆ ರೂಮಿನ ಬಾಗಿಲು ಮುಂದೆಯಾದರೂ ಪೂರ್ತಿ ತೆಗೆಯುತ್ತದಾ?"

ಬೀಮ್‌ಲೆಕ್ಕ

ಭಾರದ ಬಗ್ಗೆ ಮಾತ್ರ ಹೇಳುತ್ತೇನೆ, ಉಳಿದದ್ದು ಅನುಭವಿಗಳಿಗೆ ಬಿಡುತ್ತೇನೆ.

ಒಂದು ಲೀಟರ್ ನೀರು ಒಂದು ಕೆಜಿ. ನಿಮ್ಮ ಎರಡಡಿ ಟ್ಯಾಂಕು 54 ಲೀಟರಿನದು. ಗಾಜು, ಮರಳು ಸೇರಿದರೆ ಸುಮಾರು 70 ಕೆಜಿ ಅಂತ ಇಟ್ಟುಕೊಳ್ಳಿ. ಹಂತಕ್ಕೆ ಎರಡರಂತೆ ಮೂರು ಹಂತಕ್ಕೆ ಆರು ಟ್ಯಾಂಕ್ ಅಂದರೆ 420 ಕೆಜಿ, ರ‍್ಯಾಕ್ ಬೇರೆ. ಇಷ್ಟೂ ಭಾರ ನಾಲ್ಕಡಿ ಉದ್ದ, ಒಂದಡಿ ಅಗಲದ ಜಾಗದ ಮೇಲೆ ಕೂರುತ್ತದೆ.

ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕೆಜಿ ಲೆಕ್ಕದಲ್ಲಿ ವಿನ್ಯಾಸ ಮಾಡಿರುತ್ತಾರೆ. ನಿಮ್ಮ ರೂಮು 8.4 ಚದರ ಮೀಟರ್. ಗುಣಿಸಿದರೆ 1,680 ಕೆಜಿ ಬರುತ್ತದೆ, ನಿಮ್ಮ 16 ಟ್ಯಾಂಕ್ ಅದಕ್ಕಿಂತ ಕಡಿಮೆಯೇ. ಹಾಗಂತ ಖುಷಿಪಡಬೇಡಿ. ಆ ಲೆಕ್ಕ ನೆಲದ ತುಂಬ ಹರಡಿದ ಭಾರಕ್ಕೆ, ಒಂದು ಮೂಲೆಗೆ ಒಟ್ಟಿದ ಭಾರಕ್ಕಲ್ಲ. ಸ್ಲ್ಯಾಬ್ ಜಾಸ್ತಿ ಬಾಗುವುದು ನಡುವೆ, ಕಡಿಮೆ ಬಾಗುವುದು ಬೀಮಿನ ಹತ್ತಿರ. ರ‍್ಯಾಕನ್ನು ಕೆಳಗೆ ಬೀಮ್ ಇರುವ ಗೋಡೆಗೆ ಹತ್ತಿರ ಇಡಿ, ನಡು ಜಾಗ ಖಾಲಿ ಬಿಡಿ. ಕಾಲುಗಳ ಕೆಳಗೆ ದಪ್ಪ ಹಲಗೆ ಹಾಕಿ. ಮೇಲ್ಭಾಗವನ್ನು ಗೋಡೆಗೆ ಬೋಲ್ಟ್ ಮಾಡಿ, ಇಲ್ಲದಿದ್ದರೆ ಮೂರನೇ ಹಂತಕ್ಕೆ ಯಾರಾದರೂ ಜೋತುಬಿದ್ದರೆ ಕಥೆ ಮುಗಿಯಿತು. ಟ್ಯಾಂಕ್ ತರುವ ಮೊದಲು ಕಟ್ಟಡದ ನಕ್ಷೆ ಹಿಡಿದು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರಿಗೆ ತೋರಿಸಿ. ಕಟ್ಟಡ ನೋಡದೆ ನಾನು ಹೇಳುವ ಲೆಕ್ಕ ನಂಬಿಕೊಂಡು ರ‍್ಯಾಕ್ ಕೂರಿಸಬೇಡಿ.

ಒದ್ದೆಟವೆಲ್

ನಾನು ಒಂದು ಕಾಲಕ್ಕೆ 22 ಟ್ಯಾಂಕ್ ಇಟ್ಟಿದ್ದವನು. ಈಗ 11. ಇಳಿಸಿದ್ದು ನೆಲದ ಭಯಕ್ಕಲ್ಲ, ಸೊಂಟದ ನೋವಿಗೆ.

ಒಂದು ಲೆಕ್ಕ ಮಾಡೋಣ. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದು ಈಗ ನಿಮ್ಮ ಒಂಬತ್ತರಲ್ಲಿ ಸುಮಾರು 480 ಲೀಟರ್ ನೀರಿರಬಹುದು. ವಾರಕ್ಕೆ 40 ಶೇಕಡ ಬದಲಿಸಿದರೆ 192 ಲೀಟರ್. 15 ಲೀಟರಿನ ಬಕೆಟ್‌ನಲ್ಲಿ 13 ಸಲ ಹೊರಗೆ, 13 ಸಲ ಒಳಗೆ. ಹದಿನಾರಾದರೆ 22 ಹೊರಗೆ, 22 ಒಳಗೆ. ಇದು ಆರೋಗ್ಯ ಚೆನ್ನಾಗಿರುವ ವಾರದ ಕಥೆ. ಜ್ವರ ಬಂದ ವಾರ ಇದನ್ನು ಯಾರು ಮಾಡುತ್ತಾರೆ? ಆ ವಾರಕ್ಕೆ ಎಷ್ಟು ಟ್ಯಾಂಕ್ ಸಾಧ್ಯವೋ ಅಷ್ಟೇ ಇಡಿ. ಅದಕ್ಕಿಂತ ಮೇಲಿನದೆಲ್ಲ ಸಾಲ.

ಬಕೆಟ್ ಬಿಟ್ಟು ಪೈಪಿಗೆ ಬನ್ನಿ. ಹೊರಗೆ ತೆಗೆಯಲು ಉದ್ದದ ಪೈಪಿನಿಂದ ಸೈಫನ್ ಮಾಡಿ, ಇನ್ನೊಂದು ತುದಿ ಬಾತ್‌ರೂಮಿನ ಮೋರಿಗೆ. ಆದರೆ ಕೆಳಗಿನ ಹಂತದ ಟ್ಯಾಂಕು ನೆಲಕ್ಕೆ ತೀರಾ ಹತ್ತಿರವಿದ್ದರೆ ನೀರು ತಾನಾಗಿ ಇಳಿಯುವುದಿಲ್ಲ, ಪಂಪ್ ಬೇಕು. ಎಲ್ಲರೂ ರ‍್ಯಾಕ್ ಬೆಸುಗೆ ಆದಮೇಲೇ ಇದನ್ನು ಕಂಡುಕೊಳ್ಳುವುದು, ನಾನೂ ಹಾಗೇ. ಒಳಗೆ ತುಂಬಲು 100 ಲೀಟರಿನ ಡ್ರಮ್, ಅದರಲ್ಲೊಂದು ಸಬ್‌ಮರ್ಸಿಬಲ್ ಪಂಪ್, ಪೈಪಿನ ತುದಿಗೆ ಒಂದು ಬಾಲ್ ವಾಲ್ವ್. ಹಿಂದಿನ ದಿನವೇ ಡ್ರಮ್ ತುಂಬಿ ಏರ್ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ನಿಮ್ಮ ನೀರಿಗೆ ಕ್ಲೋರಮೈನ್ (ಕ್ಲೋರಿನ್, ಅಮೋನಿಯಾ ಸೇರಿದ್ದು) ಹಾಕುತ್ತಾರಾ ವಿಚಾರಿಸಿ. ಅದು ಹಾಗೆ ಹಾರುವುದಿಲ್ಲ, ಔಷಧಿ ಹಾಕಲೇಬೇಕು. ಬರೀ ಥಯೋಸಲ್ಫೇಟ್ ಹಾಕಿದರೆ ಕ್ಲೋರಿನ್ ಹೋಗಿ ಅಮೋನಿಯಾ ಉಳಿಯುತ್ತದೆ, ಅದನ್ನೂ ಕಟ್ಟಿಹಾಕುವ ಔಷಧಿಯನ್ನೇ ತನ್ನಿ.

ಡ್ರಮ್ಮಿನ ಇನ್ನೊಂದು ಗುಣ, ಚೆಲ್ಲಿದರೂ 100 ಲೀಟರಿಗಿಂತ ಹೆಚ್ಚು ಚೆಲ್ಲುವುದಿಲ್ಲ. ಇದನ್ನು ನಾನು ಕಲಿತದ್ದು ಕಷ್ಟಪಟ್ಟೇ. ಮೊದಲು ನಲ್ಲಿಯಿಂದಲೇ ಪೈಪ್ ಎಳೆದು ತುಂಬುತ್ತಿದ್ದೆ. ಒಂದು ದಿನ ಪೈಪನ್ನು ಟ್ಯಾಂಕಿಗೆ ಸಿಕ್ಕಿಸಿದೆ, ಫೋನ್ ಬಂತು, ಮಾತಾಡುತ್ತಾ ಬಾಲ್ಕನಿಗೆ ಹೋದೆ. ನಲವತ್ತು ನಿಮಿಷ! ಬಾಗಿಲು ಬಡಿದದ್ದು ಕೆಳಗಿನ ಮನೆಯವರು. ಬೈಯಲಿಲ್ಲ ಪಾಪ, "ಸರ್, ನಮ್ಮ ಫ್ಯಾನಿನಿಂದ ನೀರು ಬೀಳುತ್ತಿದೆ" ಅಂದರು ಅಷ್ಟೇ. ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಅಂದಿನಿಂದ ನಲ್ಲಿ ಅಥವಾ ಪಂಪ್ ಓಡುತ್ತಿರುವವರೆಗೆ ನನ್ನ ಹೆಗಲ ಮೇಲೆ ಒಂದು ಒದ್ದೆ ಟವೆಲ್ ಇರುತ್ತದೆ. ಬಂದ್ ಮಾಡಿದ ಮೇಲೇ ತೆಗೆಯುವುದು. ಟವೆಲ್ ಹಾಕಿಕೊಂಡು ಹಾಲ್‌ಗೆ ಬಂದರೆ ಮಗಳು "ಅಪ್ಪಾ, ನಲ್ಲಿ!" ಅಂತ ಕೂಗುತ್ತಾಳೆ.

ಸಂಪ್ ಬೇಡ. ನೀರು ಸ್ಥಿರವಾಗಿರುತ್ತದೆ ನಿಜ, ಕೆಲಸವೂ ಕಡಿಮೆ. ಆದರೆ ಒಂದು ಟ್ಯಾಂಕಿಗೆ ಬಂದ ರೋಗ ಹದಿನಾರಕ್ಕೂ ಬರುತ್ತದೆ. ಗಪ್ಪಿಗೆ ಬೇಕಾದ ಗಡಸು ನೀರು ನಿಮ್ಮ ಅಪಿಸ್ಟೊಗೆ ಆಗುವುದೂ ಇಲ್ಲ. ಬೇರೆ ಬೇರೆ ಇದ್ದಾಗಲೇ ನಾನು ಒಂದೇ ಬಲೆಯಿಂದ ಆರು ಟ್ಯಾಂಕಿಗೆ ಬಿಳಿಚುಕ್ಕೆ ರೋಗ ಹಂಚಿದ್ದೇನೆ. ಒದ್ದೆ ಬಲೆ, ಒದ್ದೆ ಕೈ ಸಾಕು ಅದಕ್ಕೆ. ಹೊಸ ಮೀನು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿರಲಿ, ಅದರ ಬಲೆಯೂ ಬೇರೆ.

ಕೊನೆಗೆ ಒಂದು ಪ್ರಶ್ನೆ, ಬೇಜಾರಾಗಬೇಡಿ. ಆ ಏಳು ಟ್ಯಾಂಕ್ ಯಾರಿಗೆ? ಗಪ್ಪಿ ಮರಿಗಳಿಗೆ ಅಲ್ವಾ? ಹೆಣ್ಣು ಗಪ್ಪಿ ಒಮ್ಮೆ ಕೂಡಿದರೆ ಗಂಡಿಲ್ಲದೆಯೂ ತಿಂಗಳುಗಟ್ಟಲೆ ಮರಿ ಹಾಕುತ್ತಲೇ ಇರುತ್ತದೆ. ಏಳಲ್ಲ, ಎಪ್ಪತ್ತು ಇಟ್ಟರೂ ತುಂಬಿಸುತ್ತದೆ.

ಶ್ರಿಂಪಕ್ಕ

ಮೇಲಿನ ಟವೆಲ್ ಸರ್ ಹೇಳಿದ್ದಕ್ಕೆಲ್ಲ ನನ್ನದೂ ಒಪ್ಪಿಗೆ. ಆ ಕರಿ ಬೂಷ್ಟನ್ನು ಮಾತ್ರ ಯಾರೂ ಮುಟ್ಟಲಿಲ್ಲ ನೋಡಿ.

ನನ್ನ ಮುಚ್ಚಳವಿಲ್ಲದ ಎರಡಡಿ ಟ್ಯಾಂಕಿನಲ್ಲಿ ವಾರಕ್ಕೆ ಎರಡು ಬೆರಳು ನೀರು ಇಳಿಯುತ್ತಿತ್ತು. ಅಳೆದರೆ ಆರು ಲೀಟರ್. ಹಾಗಿರುವ ಹತ್ತು ಟ್ಯಾಂಕಿದ್ದರೆ ವಾರಕ್ಕೆ 60 ಲೀಟರ್ ನಿಮ್ಮ ಗೋಡೆ, ಬೀರು, ಬಟ್ಟೆಗೆ ಹೋಯಿತು ಅಂತ ಅರ್ಥ. ಎಲ್ಲಕ್ಕೂ ಗಾಜಿನ ಮುಚ್ಚಳ ಮಾಡಿಸಿ, ಏರ್ ಟ್ಯೂಬಿಗೆ ಒಂದು ಮೂಲೆ ಕತ್ತರಿಸಿದರೆ ಸಾಕು. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ತೂಗುಹಾಕಿ, 60 ಶೇಕಡಕ್ಕಿಂತ ಮೇಲೇ ನಿಂತಿದ್ದರೆ ಎಕ್ಸಾಸ್ಟ್ ಫ್ಯಾನ್ ಹಾಕಿ. ಹೊರಗಿನ ಗಾಳಿಯೇ ಒದ್ದೆಯಾಗಿರುವ ದಿನಗಳಲ್ಲಿ ಫ್ಯಾನ್ ಪ್ರಯೋಜನವಿಲ್ಲ, ಆಗ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಬೇಕು. ರ‍್ಯಾಕ್ ಮತ್ತು ಗೋಡೆಯ ನಡುವೆ ಅಂಗೈಯಷ್ಟು ಜಾಗ ಬಿಡಿ. ಬೀರು ಆ ರೂಮಿನಿಂದ ಆಚೆ ಹೋಗಲಿ. ಇಳಿದ ನೀರಿಗೆ ಸುಮ್ನೆ ನೀರು ತುಂಬುತ್ತಾ ಹೋಗಬೇಡಿ. ಆವಿಯಾಗುವುದು ನೀರು ಮಾತ್ರ, ಲವಣ ಒಳಗೇ ಉಳಿದು ಗಡಸು ಏರುತ್ತದೆ. ನನ್ನ ಶ್ರಿಂಪ್ ಪೊರೆ ಬಿಡಲಾಗದೆ ಸತ್ತದ್ದು ಅದಕ್ಕೇ ಅಂತ ನನ್ನ ಅನುಮಾನ.

ಸದ್ದಿಗೆ ಐದು ಪಂಪ್ ತೆಗೆದು ಒಂದು ಲೀನಿಯರ್ ಪಿಸ್ಟನ್ ಪಂಪ್ ಹಾಕಿ, ರೂಮಿನ ಸುತ್ತ ಪಿವಿಸಿ ಪೈಪ್ ಎಳೆದು ಅಲ್ಲಲ್ಲಿ ವಾಲ್ವ್ ಕೊಡಿ. ಪಂಪನ್ನು ಸ್ಪಾಂಜಿನ ಮೇಲೆ, ಎಲ್ಲ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಿ. ಕೆಳಗಿಟ್ಟರೆ ಕರೆಂಟ್ ಹೋದಾಗ ಟ್ಯೂಬಿನಲ್ಲಿ ನೀರು ವಾಪಸ್ ಇಳಿದು ಪಂಪಿಗೇ ಬರುತ್ತದೆ. ಬ್ಯಾಟರಿ ಪಂಪ್ ಒಂದೆರಡು ಕೈಗೆ ಸಿಗುವಂತಿರಲಿ.

ಕರೆಂಟಿನ ವಿಷಯದಲ್ಲಿ ಮಾತ್ರ ಅಕ್ಕನಾಗಿ ಗದರಿಸುತ್ತೇನೆ. ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲಿದ್ದರೆ ಇವತ್ತೇ ಎತ್ತಿ ಗೋಡೆಗೆ ಹೊಡೆಯಿರಿ. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಬೇಕು. ಆಗ ವೈರಿನ ಮೇಲೆ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಆ ರೂಮಿಗೆ, ಕರೆಂಟ್ ಸೋರಿದರೆ ತಾನೇ ಬಂದ್ ಆಗುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದಿದ್ದರೆ ಹೊಸ ಟ್ಯಾಂಕ್ ಬಿಟ್ಟು ಮೊದಲು ಅದನ್ನು ಹಾಕಿಸಿ.

ಗಪ್ಪಿಮನೆ

ಎಲ್ಲರಿಗೂ ಥ್ಯಾಂಕ್ಸ್. ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲೇ ಇತ್ತು. ಶ್ರಿಂಪಕ್ಕಾ, ಈಗ ಇಲ್ಲ.

ಈ ಭಾನುವಾರ ಗಡಿಯಾರ ಇಟ್ಟು ನೋಡಿದೆ. 9 ಟ್ಯಾಂಕಿಗೆ ಮೂರು ಗಂಟೆ ಹತ್ತು ನಿಮಿಷ. ಅದರಲ್ಲಿ ಎರಡು ಗಂಟೆ ಬರೀ ಬಕೆಟ್ ಹೊತ್ತಿದ್ದೇ. ಹೌದು ಸರ್, ಏಳರಲ್ಲಿ ಐದು ಗಪ್ಪಿ ಮರಿಗಳಿಗೇ. ಗಂಡು ಹೆಣ್ಣು ಬೇರೆ ಮಾಡಿ, ಜಾಸ್ತಿ ಇರುವ ಮರಿಗಳನ್ನು ಸಾಕುವವರಿಗೆ ಕೊಡುತ್ತೇನೆ. ಸದ್ಯಕ್ಕೆ ಎರಡೇ ಹೆಚ್ಚಿಸುವುದು, ಒಂದು ಕೋರಿ ಮರಿಗಳಿಗೆ, ಒಂದು ಹೊಸ ಮೀನು ಬೇರೆ ಇಡಲು. ರ‍್ಯಾಕ್ ಎರಡೇ ಅಂತಸ್ತು, ಕೆಳಗಿನ ಹಂತ ಮೋರಿಗಿಂತ ಎರಡಡಿ ಎತ್ತರ. ನಕ್ಷೆ ಸಿಕ್ಕಿದೆ, ಬೀಮ್ ಇರುವುದು ಬಾಗಿಲ ಪಕ್ಕದ ಗೋಡೆಯ ಕೆಳಗೆ. ಅಂದರೆ ಬಾಗಿಲು ಇನ್ನು ಮುಂದೆಯೂ ಅರ್ಧವೇ ತೆಗೆಯುವುದು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಟವೆಲ್ ಎಷ್ಟು ದೊಡ್ಡದಿರಬೇಕು ಸರ್?

ಒದ್ದೆಟವೆಲ್

ಮೈ ಒರೆಸುವಷ್ಟು ದೊಡ್ಡದು, ಚೆನ್ನಾಗಿ ನೆನೆಸಿದ್ದು. ಮೊದಲು ಕರ್ಚೀಫ್ ಹಾಕಿ ನೋಡಿದ್ದೆ. ಅದನ್ನು ಹೆಗಲ ಮೇಲೇ ಇಟ್ಟುಕೊಂಡು ಮಲಗಿಬಿಟ್ಟಿದ್ದೆ.