ಪುಟ್ಟ ಹೂಬಳ್ಳಿಯನ್ನು ಕೌದಿಯ ಅಳತೆಗೆ ಹಿಗ್ಗಿಸುವುದು ಹೇಗೆ?

ಪ್ರಶ್ನೆ (ಬೀದರ್): ಬಿದರಿ ತಟ್ಟೆಯೊಂದರ ಹೂಬಳ್ಳಿಯನ್ನು 9 ಇಂಚು ಅಗಲ, 12 ಇಂಚು ಉದ್ದದ ಹಾಳೆಗೆ ಇಳಿಸಿಕೊಂಡಿದ್ದೇನೆ. ಇದನ್ನು 72 ಇಂಚು ಅಗಲದ ಕೌದಿಗೆ ಹಿಗ್ಗಿಸಬೇಕಾಗಿದೆ. ತುಂಡು ತುಂಡಾಗಿ ಝೆರಾಕ್ಸ್ ಮಾಡಿಸಿದರೆ ಗೆರೆಗಳೇ ಬೆರಳಿನಷ್ಟು ದಪ್ಪವಾಗುತ್ತಿವೆ. ಬೇರೆ ದಾರಿಯಿದೆಯೇ?

ಉತ್ತರ (ಕಲಬುರಗಿ): ಅಕ್ಕಾವರೇ, ಹಾಳೆಯ ಮೇಲೆ 1 ಇಂಚಿನ ಚೌಕಗಳನ್ನೂ, ಹಳೆಯ ಪತ್ರಿಕೆಗಳನ್ನು ಅಂಟಿಸಿ ಮಾಡಿದ ದೊಡ್ಡ ಕಾಗದದ ಮೇಲೆ 8 ಇಂಚಿನ ಚೌಕಗಳನ್ನೂ ಎಳೆದು, ಬಳ್ಳಿಯು ಚೌಕದ ಅಂಚನ್ನು ಎಲ್ಲಿ ದಾಟುತ್ತದೆಯೋ ದೊಡ್ಡ ಕಾಗದದ ಅದೇ ಚೌಕದ ಅಂಚಿನಲ್ಲೂ ಅಲ್ಲಿಯೇ ಮೊದಲು ಚುಕ್ಕಿ ಇಟ್ಟು, ಆಮೇಲೆ ಚುಕ್ಕಿಗಳನ್ನು ಕೂಡಿಸಿರಿ. ಉದ್ದ ತಾನಾಗಿಯೇ 96 ಇಂಚಾಗುತ್ತದೆ.

ಉತ್ತರ (ಯಾದಗಿರಿ): ಹೊಲಿಗೆಗೆ ಬಿಡುವ ಕಾಲು ಇಂಚನ್ನು ಮಾತ್ರ ಹಿಗ್ಗಿಸಬೇಡಿರಿ, ಬಟ್ಟೆ ಕತ್ತರಿಸುವಾಗ ಸುತ್ತಲೂ ಸೇರಿಸಿಕೊಳ್ಳಿರಿ. ನಾನು ಮೊದಲೇ ಸೇರಿಸಿದ್ದರಿಂದ ಒಂದೊಂದು ಎಸಳಿಗೂ 2 ಇಂಚಿನ ಅಂಚು ಬಂದು, ಅಮ್ಮನ ಹಳೆಯ ಇಳಕಲ್ ಸೀರೆ ವ್ಯರ್ಥವಾಯಿತು.